ಫಿರಂಗಿ ಚೊಂಬಿನ ಬುಡದಲ್ಲೊಂದು ಗುಳಿ

ಕಳೆದ ಚೌತಿಗೆ ವಾರ ಮುಂಚೆ ಕಲಾಯಿ ಹಾಕುವವರು ಊರಿಗೆ ಬಂದಿದ್ದರು. ಈಗ ಅವರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅಟ್ಟದ ಮೇಲಿದ್ದ ಹಂಡೆ, ಕೊಳದಪ್ಪಲೆ, ಚರಿಗೆಗಳನ್ನೆಲ್ಲ ಇಳಿಸಿ ಜಗಲಿಯಲ್ಲಿ ಹರವಿದೆವು. ಅವುಗಳ ನಡುವೆ, ಬರೀ ಉಜ್ಜಿಸುವುದಕ್ಕೆಂದು, ಅಜ್ಜನ ಫಿರಂಗಿ ಚೊಂಬನ್ನೂ ಇಟ್ಟಿದ್ದೆ. ಮನೆಯಲ್ಲಿ ಎಲ್ಲರೂ ಅದನ್ನು ಕರೆಯುವುದು ಹಾಗೆ. ನಿಜಕ್ಕೆ ಅದು ಎರಡನೆಯ ಮಹಾಯುದ್ಧದ 25 ಪೌಂಡರ್ (25 ಪೌಂಡ್ ತೂಕದ ಗುಂಡು ಹಾರಿಸುವ) ಫಿರಂಗಿಯ ಹಿತ್ತಾಳೆ ತೋಟೆ, ಎಂದರೆ ಮದ್ದು ತುಂಬುವ ಕೊಳವೆ. ಒಂದು ಗೇಣಿಗಿಂತ ತುಸು ಎತ್ತರ, ಬುಡದಲ್ಲಿ ಅಂಗೈಯಗಲ. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ನಮ್ಮ ಹೆಬ್ಬಾಗಿಲ ಮೂಲೆಯಲ್ಲಿ ಕೊಡೆಗಳನ್ನೂ ಅಜ್ಜನ ಊರುಗೋಲನ್ನೂ ಹೊತ್ತು ನಿಂತಿದೆ.

ಕಲಾಯಿಯವರು ಅದನ್ನು ಎತ್ತಿ, ತೂಕ ನೋಡಿ, ಮಗುಚಿ ಹಾಕಿದರು. ಬುಡದ ನಟ್ಟನಡುವೆ ಬೆರಳಾಡಿಸಿ, "ಇಲ್ಲೊಂದು ಗುಳಿ ಬಿದ್ದಿದೆ, ಬಡಿದು ಸಮ ಮಾಡಿಕೊಡುತ್ತೇನೆ" ಎಂದು ಸಣ್ಣ ಸುತ್ತಿಗೆಯನ್ನು ಕೈಗೆತ್ತಿಕೊಂಡರು. "ಬೇಡ!" ಎಂದು ನಾನು ಕೂಗಿದ ಜೋರಿಗೆ ಒಳಗಿದ್ದ ಅಮ್ಮ ಹೊರಗೆ ಬಂದಳು. ಆ ಹಿರಿಯರು ಸುತ್ತಿಗೆ ಕೆಳಗಿಟ್ಟು, ಏನು ತಪ್ಪಾಯಿತೆಂದು ತಿಳಿಯದೆ ನನ್ನ ಮುಖ ನೋಡಿದರು. ಅವರ ಕ್ಷಮೆ ಕೇಳಿದೆ. ಆದರೆ ಹಾಗೇಕೆ ಕೂಗಿದೆ ಎಂಬುದನ್ನು ಅವರಿಗೆ ಸರಿಯಾಗಿ ಹೇಳಲಾಗಲಿಲ್ಲ. ಅಂದಿನಿಂದ ಅದನ್ನು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಕೇಪಿನ ಕೋವಿ ಗೊತ್ತು. ಕೋವಿಯ ಕುದುರೆ (ಸುತ್ತಿಗೆಯಂಥ ಕೊಕ್ಕೆ) ಬಂದು ಕೇಪಿಗೆ (ಪೆಟ್ಟು ಬಿದ್ದರೆ ಕಿಡಿ ಕಾರುವ ಪುಟ್ಟ ಮುಚ್ಚಳ) ಬಡಿಯುತ್ತದೆ, ಕಿಡಿ ಮದ್ದಿಗೆ ಹೋಗುತ್ತದೆ, ಈಡು ಹಾರುತ್ತದೆ. ಫಿರಂಗಿಯದೂ ಅದೇ ಕ್ರಮ. ತೋಟೆಯ ಬುಡದ ನಡುವೆ ತಿರುಪಿನಿಂದ ಕೂರಿಸಿದ ಕೇಪು ಇರುತ್ತದೆ. ಫಿರಂಗಿಯ ಮೊಳೆ ಬಂದು ಅದರ ಮೇಲೆ ಬಡಿದಾಗ ಸಣ್ಣದೊಂದು ಗುಳಿ ಬೀಳುತ್ತದೆ. ಆ ಗುಳಿ ಇಲ್ಲದ ತೋಟೆ ಹಾರಿಲ್ಲದ ತೋಟೆ. ಇದ್ದರೆ, ಒಂದು ದಿನ, ಒಂದು ಗಳಿಗೆಯಲ್ಲಿ, ಯಾರೋ ಹಗ್ಗ ಎಳೆದಿದ್ದಾರೆ ಅಥವಾ ಹಿಡಿ ಒತ್ತಿದ್ದಾರೆ, ಹನ್ನೊಂದು ಕಿಲೋ ಚಿಲ್ಲರೆ ತೂಕದ ಗುಂಡೊಂದು ಎಲ್ಲಿಗೋ ಹೋಗಿದೆ ಎಂದರ್ಥ. ನಮ್ಮ ಚೊಂಬಿನ ಮೈಮೇಲೆ ಯುದ್ಧದ ಗುರುತೆಂದರೆ ಅದೊಂದೇ. ಉಳಿದದ್ದೆಲ್ಲ ಕಾರ್ಖಾನೆಯ ಗುರುತು: 25 ಪಿಆರ್ ಎಂಬ ಮುದ್ರೆ, ಬ್ರಿಟಿಷ್ ಸರ್ಕಾರದ ಆಸ್ತಿ ಎಂದು ಸಾರುವ ಬಾಣದ ಚಿಹ್ನೆ, ಅರ್ಧ ಸವೆದ ಇಸವಿ. ಆ ಗುಳಿಯನ್ನು ಬಡಿದು ಸಮ ಮಾಡಿಬಿಟ್ಟರೆ ಅದು ನಿಜಕ್ಕೂ ಚೊಂಬೇ ಆಗಿಬಿಡುತ್ತಿತ್ತು.

ಹತ್ತುವಾಗ ತುಂಬಿದ್ದು, ಇಳಿಯುವಾಗ ಖಾಲಿ

ಅಜ್ಜ ಫಿರಂಗಿ ಹಾರಿಸಿದವನಲ್ಲ. ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್‌ನಲ್ಲಿ ಲಾರಿ ಚಾಲಕನಾಗಿದ್ದ. 1944ರ ಬೇಸಗೆ ಮತ್ತು ಮಳೆಗಾಲದಲ್ಲಿ ಈಗಿನ ನಾಗಾಲ್ಯಾಂಡಿನ ದಿಮಾಪುರದ ರೈಲು ನಿಲ್ದಾಣದಿಂದ ಕೊಹಿಮಾ ಕಡೆಗೆ, 46 ಮೈಲಿಯ ಆ ಘಟ್ಟದ ದಾರಿಯಲ್ಲಿ, ಮದ್ದುಗುಂಡು ಸಾಗಿಸುತ್ತಿದ್ದ. ನಾನು ಚಿಕ್ಕವನಾಗಿದ್ದಾಗ ಎಷ್ಟು ಕೇಳಿದರೂ ಆತ ಹೇಳುತ್ತಿದ್ದದ್ದು ಒಂದೇ ಮಾತು: "ಹತ್ತುವಾಗ ತುಂಬಿದ್ದು, ಇಳಿಯುವಾಗ ಖಾಲಿ." ಅದನ್ನು ಆತ ಅಡಿಕೆ ಗಾಡಿಯ ಬಾಡಿಗೆ ಲೆಕ್ಕ ಹೇಳುವ ಧಾಟಿಯಲ್ಲಿ ಹೇಳುತ್ತಿದ್ದ. ಹಿತ್ತಾಳೆ ಆಗ ತುಟ್ಟಿ ಲೋಹ. ಹಾರಿಸಿದ ತೋಟೆಗಳನ್ನು ಮತ್ತೆ ತುಂಬಲೆಂದೋ ಕರಗಿಸಲೆಂದೋ ಹಿಂದಕ್ಕೆ ಕಳುಹಿಸುತ್ತಿದ್ದರು. ಗಾಯಾಳುಗಳೂ ಇಳಿಯುತ್ತಿದ್ದದ್ದು ಅದೇ ದಾರಿಯಲ್ಲಿ. ಹಾಗೆ ಇಳಿದ ಖಾಲಿ ತೋಟೆಗಳಲ್ಲಿ ಒಂದು, ಯುದ್ಧ ಮುಗಿದ ಮೇಲೆ, ಅಜ್ಜನ ಟ್ರಂಕಿನಲ್ಲಿ ಕಂಬಳಿ ಸುತ್ತಿಕೊಂಡು ಘಟ್ಟದ ಮೇಲಿನ ನಮ್ಮ ಮನೆಗೆ ಬಂತು.

ಆ ಫಿರಂಗಿಯ ವಿಶೇಷವೆಂದರೆ ಗುಂಡು ಬೇರೆ, ತೋಟೆ ಬೇರೆ. ಮೊದಲು ಗುಂಡನ್ನು ನಳಿಗೆಯೊಳಗೆ ಗಿಡಿದು ಕೂರಿಸಬೇಕು, ಆಮೇಲೆ ಅದರ ಹಿಂದೆ ತೋಟೆ. ತೋಟೆಯೊಳಗೆ ಮದ್ದಿನ ಬಟ್ಟೆ ಚೀಲಗಳು, ಕೆಂಪು, ಬಿಳಿ, ನೀಲಿ. ಗುರಿ ಹತ್ತಿರವಿದ್ದರೆ ನೀಲಿಯನ್ನು ತೆಗೆಯುವುದು, ಇನ್ನೂ ಹತ್ತಿರವಿದ್ದರೆ ಬಿಳಿಯನ್ನೂ ತೆಗೆಯುವುದು. ಇವುಗಳ ಬದಲು ಬೇರೆಯಾಗಿಯೇ ಬರುತ್ತಿದ್ದ ವಿಶೇಷ ಮದ್ದಿನ ತೋಟೆ ಬಳಸಿದರೆ 12 ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತಿತ್ತು. ಹತ್ತನೆಯ ತರಗತಿಯಲ್ಲಿದ್ದಾಗ ಇದನ್ನೆಲ್ಲ ಎಲ್ಲೋ ಓದಿ ತಿಳಿದು, ಆ ಚೊಂಬಿನೊಳಗೆ ಇಣುಕಿ ನೋಡಿದ್ದು ನೆನಪಿದೆ. ಕೊಡೆಯಿಂದ ಇಳಿದ ಮಳೆನೀರು ತಳದಲ್ಲಿ ನಿಂತು ಹಸಿರುಗಟ್ಟಿತ್ತು. ಅಲ್ಲಿಂದ ಶುರುವಾದದ್ದು ನನ್ನ ಸಂಗ್ರಹ. ಇಪ್ಪತ್ತೈದು ವರ್ಷಗಳಲ್ಲಿ ಅದು ಒಂದು ಬೀರು ತುಂಬಿದೆ: ಮೊದಲನೆಯ ಯುದ್ಧದಲ್ಲಿ ಸೈನಿಕರು ಕಂದಕದಲ್ಲಿ ಕೂತು ಹೂಬಳ್ಳಿ ಕೆತ್ತಿದ ಎರಡು ಹಿತ್ತಾಳೆ ತೋಟೆಗಳು, ಕಲ್ಲಿನ ಫಿರಂಗಿ ಗುಂಡುಗಳು, ಮದ್ದು ಸಾಗಿಸುವ ಮರದ ಪೆಟ್ಟಿಗೆಯ ಹಲಗೆಗಳು. ಎಲ್ಲವೂ ಖಾಲಿ, ಎಲ್ಲವೂ ನಿರಪಾಯ.

ಸತ್ತದ್ದು ಎಂದರೆ

ನಿರಪಾಯ ಎಂಬ ಮಾತನ್ನು ನಾನು ಹಗುರವಾಗಿ ಬಳಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಘಟ್ಟದ ಕೆಳಗಿನ ಪೇಟೆಯೊಂದರಲ್ಲಿ, ಹಳೆಯ ಸಾಮಾನು ಇಡುವ ಗುಜರಿ ಅಂಗಡಿಯವರು ನನಗೆ ಫೋನು ಮಾಡಿ ಕರೆಸಿಕೊಂಡರು. ಗೋಣಿತಾಟು ಸರಿಸಿ ತೋರಿಸಿದ್ದು ಒಂದು ಮಾರ್ಟರ್ ಬಾಂಬು. ಮೀನಿನ ಮೈ, ಬಾಲದಲ್ಲಿ ರೆಕ್ಕೆ, ಮೂತಿಯಲ್ಲಿ ಮಣ್ಣು ಮೆತ್ತಿಕೊಂಡ ಸಿಡಿಗೊಳವೆ. "ಸತ್ತದ್ದು ಸಾರ್, ಹೆದರಬೇಡಿ" ಎಂದು ಅದನ್ನು ಎತ್ತಿ ತಕ್ಕಡಿಗೆ ಹಾಕಲು ಹೋದರು. ನಾನು ಅವರ ಕೈ ಹಿಡಿದೆ. ಸತ್ತದ್ದೆಂದು ಯಾರು ನೋಡಿ ಹೇಳಿದರು ಎಂದು ಕೇಳಿದರೆ, ಮಾರಿ ಹೋದವನೇ ಹೇಳಿದ್ದಂತೆ. ಪಕ್ಕದಲ್ಲಿ ಅವರ ಮಗ, ಆರೇಳು ವರ್ಷದವನು, ಸೈಕಲ್ ಚಕ್ರ ಉರುಳಿಸುತ್ತಿದ್ದ. ಎಲ್ಲರನ್ನೂ ಅಂಗಡಿಯಿಂದ ಹೊರಗೆ ಕಳಿಸಿ ಪೊಲೀಸರಿಗೆ ತಿಳಿಸಿದೆವು. ಸಂಜೆಯ ಹೊತ್ತಿಗೆ ಬಾಂಬ್ ನಿಷ್ಕ್ರಿಯ ದಳದವರು ಬಂದು, ಮರಳು ತುಂಬಿದ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಅಂಗಡಿಯವರಿಗೆ ನನ್ನ ಮೇಲೆ ಬಹಳ ದಿನ ಸಿಟ್ಟಿತ್ತು. ಸೈನಿಕ ತರಬೇತಿಯ ಬಯಲುಗಳಲ್ಲಿ ಲೋಹ ಆಯಲು ಹೋಗಿ ಸತ್ತ ಬಡವರ ಸುದ್ದಿ ಈ ದೇಶದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಸಿಟ್ಟನ್ನು ನಾನು ಸಂತೋಷದಿಂದ ಹೊತ್ತೆ.

ನಮ್ಮ ಪತ್ರಿಕೆಗಳು ಹಾರಿಸದ ಗುಂಡನ್ನು 'ಜೀವಂತ ಗುಂಡು' ಎಂದು ಬರೆಯುತ್ತವೆ. ಕೊಲ್ಲುವ ಶಕ್ತಿ ಇನ್ನೂ ಉಳಿದಿರುವುದಕ್ಕೆ ನಾವು ಜೀವವೆನ್ನುತ್ತೇವೆ. ಮದ್ದು ಎಂಬ ಮಾತೂ ಹಾಗೆಯೇ. ಅಜ್ಜಿ ಜ್ವರಕ್ಕೆ ಅರೆಯುತ್ತಿದ್ದದ್ದೂ ಮದ್ದು, ಚಿತ್ರದುರ್ಗದ ಕೋಟೆಯಲ್ಲಿ ಆ ದೊಡ್ಡ ಬೀಸುಕಲ್ಲುಗಳು ಅರೆದದ್ದೂ ಮದ್ದು. ಆ ಮದ್ದಿನ ಆಯುಸ್ಸು ನಾವು ಊಹಿಸುವುದಕ್ಕಿಂತ ಬಹಳ ದೊಡ್ಡದು. ಕರಿಮದ್ದಿನಲ್ಲಿರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ. ನೀರು ತಾಗಿದರೆ ಪೆಟ್ಲುಪ್ಪು ಕರಗಿ ಹೋಗಿ ಮದ್ದು ಸಾಯುತ್ತದೆ. ನೀರು ತಾಗದಿದ್ದರೆ ನೂರು ವರ್ಷವಾದರೂ ಅದು ಮದ್ದೇ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅಂತರ್ಯುದ್ಧ ಕಾಲದ ಗುಂಡುಗಳನ್ನು ನಿಷ್ಕ್ರಿಯಗೊಳಿಸಿ ಸಂಗ್ರಾಹಕರಿಗೆ ಕೊಡುತ್ತಿದ್ದ ಅನುಭವಿಯೊಬ್ಬರು, ತಮ್ಮ ಮನೆಯ ಮುಂದೆಯೇ ಒಂದು ನೌಕಾ ಫಿರಂಗಿಯ ಗುಂಡು ಸಿಡಿದು ತೀರಿಕೊಂಡರು. ಆ ಗುಂಡು ತಯಾರಾಗಿ 140 ವರ್ಷಕ್ಕೂ ಹೆಚ್ಚಾಗಿತ್ತು. ಹಡಗಿನ ಬಳಕೆಗೆಂದು ನೀರು ಒಳಹೋಗದಂತೆ ಮುಚ್ಚಿದ್ದರಿಂದ ಒಳಗಿನ ಮದ್ದು ಕೆಟ್ಟಿರಲಿಲ್ಲ. ಚೂರೊಂದು ಕಾಲು ಮೈಲಿ ದೂರದ ಮನೆಯ ಜಗಲಿಗೆ ಹೋಗಿ ಬಡಿಯಿತು.

ಆದ್ದರಿಂದ ನನ್ನ ನಿಯಮ ಸರಳ. ತೆರೆದ ಬಾಯಿಯೊಳಗೆ ಟಾರ್ಚು ಬಿಟ್ಟು ತಳ ಕಾಣದ ಯಾವುದನ್ನೂ ನಾನು ಮುಟ್ಟುವುದಿಲ್ಲ, ಕೊಳ್ಳುವುದಿಲ್ಲ. ತೋಟದಲ್ಲೋ ಕೆರೆಯಲ್ಲೋ ಅಂಥದ್ದು ಸಿಕ್ಕಿದರೆ ಅಲ್ಲೇ ಬಿಟ್ಟು 112ಕ್ಕೆ ಕರೆ ಮಾಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ನಗರದ ಬಾವಿ

ಹಾರಿದ್ದರ ಕತೆ ಇದಾದರೆ, ಹಾರದೆ ಉಳಿದದ್ದರ ಕತೆ ನಮ್ಮ ಪಕ್ಕದಲ್ಲೇ ಇದೆ. ಹೊಸನಗರ ತಾಲ್ಲೂಕಿನ ನಗರಕ್ಕೆ ನಾನು ಎಷ್ಟು ಬಾರಿ ಹೋಗಿದ್ದೇನೋ ಲೆಕ್ಕವಿಲ್ಲ. ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರನ ಕೈಸೇರಿ ಹೈದರ್‌ನಗರವಾಗಿ, ಕೊನೆಗೆ ಬರೀ ನಗರವಾದ ಊರು. ಕೋಟೆಯ ಅಕ್ಕತಂಗಿ ಕೊಳದ ದಂಡೆಯಲ್ಲಿ ಕೂತು ಬುತ್ತಿ ಉಂಡ ನಮಗೆ, ಅದೇ ಊರಿನ ಪಾಳುಬಾವಿಯೊಂದರ ಹೂಳಿನಡಿ ಏನಿದೆಯೆಂಬ ಕಲ್ಪನೆಯೂ ಇರಲಿಲ್ಲ. 2002ರಲ್ಲಿ ಅಲ್ಲಿ 160ರಷ್ಟು ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಟಿಪ್ಪುವಿನ ಕಾಲದ ರಾಕೆಟ್‌ಗಳು ಎಂದು ಗುರುತಾಗುವುದಕ್ಕೆ ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಹದಿನೈದು ಜನರ ತಂಡ ಮೂರು ದಿನ ಅಗೆದಾಗ ಬಂದದ್ದು ಸಾವಿರಕ್ಕೂ ಹೆಚ್ಚು. ಬಾವಿಯ ಕೆಸರಿಗೆ ಮದ್ದಿನ ವಾಸನೆ ಇತ್ತೆಂದು ಆಗ ಪತ್ರಿಕೆಗಳಲ್ಲಿ ಬಂದ ಒಂದು ಸಾಲನ್ನು ಓದಿ ನಾನು ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಎರಡು ಶತಮಾನ ದಾಟಿದ ವಾಸನೆ!

ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಅವುಗಳನ್ನು ನೋಡಲು ಹೋದದ್ದು ಒಂದು ಮಳೆಯ ಮಧ್ಯಾಹ್ನ. ಒಂದು ಗೇಣುದ್ದದ ಕೊಳವೆ, ಒಂದು ತುದಿ ಮುಚ್ಚಿದ್ದು. ತುಕ್ಕು ಮತ್ತು ಮಣ್ಣು ಬೆರೆತು ಯಾವುದು ಕಬ್ಬಿಣ, ಯಾವುದು ಕೆಸರು ಎಂದು ಹೇಳಲಾಗದ ಹಾಗೆ ಆಗಿತ್ತು. ನೋಡಲು ಅಂಥ ಚೆಂದದ ವಸ್ತುವೇನಲ್ಲ. ಶಾಲೆಯ ಮಕ್ಕಳ ಒಂದು ಸಾಲು ಅವುಗಳನ್ನು ದಾಟಿ ಪಕ್ಕದ ವಿಗ್ರಹಗಳ ಕಡೆಗೆ ಹೋಯಿತು. ನಾನು ಅಲ್ಲೇ ನಿಂತೆ. ಬಿದಿರ ಗಳಕ್ಕೋ ಕತ್ತಿಯ ಅಲಗಿಗೋ ಇಂಥದೊಂದು ಕೊಳವೆಯನ್ನು ಕಟ್ಟಿ ಹಾರಿಸಿದರೆ ಅದು ಕಾಗದದ ಬಾಣಬಿರುಸಿನ ಹಾಗೆ ಅರ್ಧ ದಾರಿಯಲ್ಲಿ ಸಿಡಿದುಹೋಗುತ್ತಿರಲಿಲ್ಲ. ಕಬ್ಬಿಣದ ಮೈ ಒಳಗಿನ ಒತ್ತಡವನ್ನು ತಡೆದುಕೊಂಡು ಅದನ್ನು ಬಹುದೂರ ಒಯ್ಯುತ್ತಿತ್ತು. ಮೈಸೂರಿನ ಕಮ್ಮಾರರ ಕೈಯ ಗೆಲುವು ಅದು. ತಗಡನ್ನು ಸುತ್ತಿ ಬೆಸೆದ ಅಂಚು ಒಂದೆರಡು ಕೊಳವೆಗಳಲ್ಲಿ ಇನ್ನೂ ಕಾಣುವಂತಿತ್ತು. ಆ ಕಮ್ಮಾರನ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಆತನ ಸುತ್ತಿಗೆಯ ಪೆಟ್ಟು ಇದೆ. ಕಲಾಯಿಯವರ ಮುಂದೆ ನಾನು ಕೂಗಿದ್ದು ಬಹುಶಃ ಇದೇ ಕಾರಣಕ್ಕೆ. ವಸ್ತುವಿನ ಮೇಲೆ ಬಿದ್ದ ಪೆಟ್ಟೇ ಅದರ ಬರಹ.

ಇಲ್ಲಿ ಒಂದು ವಿಷಯವನ್ನು ಹೇಳಲೇಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೆ ಅಲ್ಲಿ ಬಳಸಬಹುದಾದ 700 ರಾಕೆಟ್‌ಗಳೂ 9,000 ಖಾಲಿ ಕೊಳವೆಗಳೂ ಸಿಕ್ಕವು ಎಂಬ ಲೆಕ್ಕವಿದೆ. ಅವುಗಳಲ್ಲಿ ಕೆಲವು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರಕ್ಕೆ ಹೋದವು. ಬಹಳ ಕಾಲ ಜಗತ್ತು ಕಂಡಿದ್ದ ಮೈಸೂರು ರಾಕೆಟ್‌ಗಳೆಂದರೆ ಹೆಚ್ಚಾಗಿ ಅಲ್ಲಿನ ಸಂಗ್ರಹಾಲಯದಲ್ಲಿದ್ದ ಎರಡು. ಆದರೆ ಮೊದಲಿಗೆ ಅವುಗಳನ್ನು ಒಯ್ದದ್ದು ಚರಿತ್ರೆಯ ಪ್ರೀತಿಗಲ್ಲ. ಹತ್ತು ವರ್ಷ ಕಳೆಯುವುದರೊಳಗೆ ವಿಲಿಯಂ ಕಾಂಗ್ರೀವ್ ಎಂಬ ಇಂಗ್ಲಿಷ್ ಆಯುಧ ತಜ್ಞ ಅವುಗಳನ್ನು ನೋಡಿ ತನ್ನ ರಾಕೆಟ್‌ಗಳನ್ನು ಸಿದ್ಧಪಡಿಸಿದ್ದ. 1807ರಲ್ಲಿ ಬ್ರಿಟಿಷರ ದಾಳಿಗೆ ಡೆನ್ಮಾರ್ಕಿನ ಕೋಪನ್‌ಹೇಗನ್ ಹೊತ್ತಿ ಉರಿದಾಗ ಅದರ ಮೇಲೆ ಬಿದ್ದ ಬೆಂಕಿಯಲ್ಲಿ ಆ ರಾಕೆಟ್‌ಗಳೂ ಇದ್ದವು. ಖಾಲಿ ಕೊಳವೆಯೊಂದು, ನಿಷ್ಕ್ರಿಯವೆಂದು ಹಡಗು ಹತ್ತಿದ ಕಬ್ಬಿಣ, ಬೇರೊಂದು ಊರಿನ ಮೇಲೆ ಮತ್ತೆ ಜೀವ ತಳೆಯಿತು. ಮೈಸೂರು ರಾಕೆಟ್ ಎಂದರೆ ನಮ್ಮವರು ಎದೆಯುಬ್ಬಿಸಿ ಹೇಳುವುದು ಈ ವಂಶಾವಳಿಯನ್ನೇ. ಹೆಮ್ಮೆ ನನಗೂ ಇದೆ, ಆ ಕಮ್ಮಾರನ ಬಗ್ಗೆ. ಕೋಪನ್‌ಹೇಗನ್ನಿನ ಬೀದಿಗಳನ್ನು ನೆನೆದಾಗ ಅದು ಪೂರ್ತಿ ಉಳಿಯುವುದಿಲ್ಲ.

ನಗರದ ಬಾವಿಯ ಕೊಳವೆಗಳು ಮಾತ್ರ ಯಾರ ಮೇಲೂ ಬೀಳಲಿಲ್ಲ. ಅವುಗಳ ಬೆಲೆ ಇರುವುದು ಅವು ಒಟ್ಟಿಗೆ, ಒಂದೇ ಬಾವಿಯಲ್ಲಿ, ಅದೇ ಕೆಸರಿನಲ್ಲಿ ಸಿಕ್ಕಿದ್ದರಲ್ಲಿ. ಇವುಗಳಲ್ಲಿ ಒಂದನ್ನು ಯಾರಾದರೂ ರಾತ್ರೋರಾತ್ರಿ ಎತ್ತಿ ನನ್ನಂಥ ಸಂಗ್ರಾಹಕನಿಗೆ ಮಾರಿದ್ದರೆ, ಅದು ಯಾವುದೋ ಹಳೆಯ ಪಂಪಿನ ಕೊಳವೆ ಎಂದರೂ ನಡೆಯುತ್ತಿತ್ತು. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪ್ರಾಚೀನ ವಸ್ತುಗಳ ಕಾಯಿದೆಯಡಿ ಬರುತ್ತವೆ. ಕಾಯಿದೆ ಇರದಿದ್ದರೂ ಅವು ಖಾಸಗಿ ಬೀರುಗಳಿಗೆ ಸೇರಬಾರದು ಎಂದೇ ನಾನು ಹೇಳುತ್ತೇನೆ. ನನ್ನ ಬಳಿಯ ಕಲ್ಲಿನ ಗುಂಡುಗಳಲ್ಲಿ ಎರಡಕ್ಕೆ ಎಲ್ಲಿ ಸಿಕ್ಕವೆಂಬ ದಾಖಲೆಯೇ ಇಲ್ಲ. ಮಾರಿದವನು "ಯಾವುದೋ ಕೋಟೆಯದು" ಎಂದಿದ್ದ. ಇಪ್ಪತ್ತು ವರ್ಷಗಳಿಂದ ಅವು ಒಂದು ಮಾತನ್ನೂ ಆಡಿಲ್ಲ.

ಬಾಗಿಲಿಗೆ ಒತ್ತು

ಎರಡು ವರ್ಷದ ಹಿಂದೆ ಕೊಹಿಮಾಕ್ಕೆ ಹೋಗಿದ್ದೆ. ಅಲ್ಲಿನ ಯುದ್ಧ ಸ್ಮಶಾನದಲ್ಲಿ 1,420 ಸಮಾಧಿಗಳಿವೆ; ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕವೂ ಇದೆ. ಬ್ರಿಟಿಷ್ ಸೇನೆಯವರೂ ಜಪಾನೀಯರೂ ಒಂದು ಟೆನ್ನಿಸ್ ಅಂಗಳದ ಅಗಲದಷ್ಟೇ ದೂರದಲ್ಲಿ ನಿಂತು ಕಾದಿದ ಜಾಗದಲ್ಲಿ, ಆ ಅಂಗಳದ ಗೆರೆಗಳನ್ನು ಬಿಳಿಯಾಗಿ ಉಳಿಸಿದ್ದಾರೆ. ಆದರೆ ನನ್ನ ಮನಸ್ಸು ಇದ್ದದ್ದು ಸಮಾಧಿಗಳ ಸಾಲಿನ ಆಚೆ, ಎದುರಿನ ಗುಡ್ಡದ ಮೇಲಿನ ಹಳ್ಳಿಯ ಮನೆಗಳಲ್ಲಿ. ಯುದ್ಧದಲ್ಲಿ ಜಪಾನೀಯರು ಹಿಡಿದಿದ್ದ ಹಳ್ಳಿ ಅದು. ಬ್ರಿಟಿಷ್ ಫಿರಂಗಿಗಳು ಜೋತ್ಸೋಮಾ, ಜುಬ್ಜಾ ಕಡೆಯಿಂದ ಹೊಡೆದದ್ದು ಈ ಗುಡ್ಡಗಳಿಗೆ. ಅಜ್ಜ ಹತ್ತಿಸಿದ ಮದ್ದುಗುಂಡು ಬಿದ್ದದ್ದು ಇಲ್ಲೇ.

ನನ್ನ ಟ್ಯಾಕ್ಸಿ ಚಾಲಕ ಅಂಗಾಮಿ ನಾಗಾ ಬುಡಕಟ್ಟಿನ ಹುಡುಗ. ಹಳೆಯ ಗುಂಡುಗಳನ್ನು ನೋಡಬೇಕೆಂದಾಗ ಮಾತಿಲ್ಲದೆ ತನ್ನ ಸಂಬಂಧಿಕರ ಮನೆಗೆ ಕರೆದೊಯ್ದ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಲೆಯ ಪಕ್ಕ ಕೂತಿದ್ದರು. ಗಾಳಿಗೆ ಮುಚ್ಚಿಕೊಳ್ಳದಂತೆ ಹಿಂಬಾಗಿಲಿಗೆ ಒಂದು ಕಬ್ಬಿಣದ ಗಡ್ಡೆಯನ್ನು ಒತ್ತಾಗಿ ಇಟ್ಟಿದ್ದರು. ಬಗ್ಗಿ ನೋಡಿದೆ. ಸಿಡಿದು ಉಳಿದ ಗುಂಡಿನ ಬುಡ. ಮೇಲ್ಭಾಗ ಹರಿದ ಬಟ್ಟೆಯ ಅಂಚಿನ ಹಾಗೆ ಕಿತ್ತುಹೋಗಿತ್ತು, ಒಳಗೆ ಬರೀ ತುಕ್ಕು. ಬುಡದ ಸುತ್ತ ಕಚ್ಚಿನಲ್ಲಿ ಕೂತ ತಾಮ್ರದ ಪಟ್ಟಿ. ಅದರ ಮೇಲೆ ನಳಿಗೆಯ ಸುರುಳಿ ಗೆರೆಗಳು ಕೊರೆದ ಗುರುತು. ಜೇಬಿನ ಅಳತೆಪಟ್ಟಿಯಲ್ಲಿ ಅಳೆದೆ: 88 ಮಿಲಿಮೀಟರ್‌ಗೆ ಕೂದಲೆಳೆ ಕಡಿಮೆ. ಜಪಾನೀಯರ ಬೆಟ್ಟದ ಫಿರಂಗಿ 75 ಮಿಲಿಮೀಟರಿನದು. ಇದು 25 ಪೌಂಡರ್.

ಅಜ್ಜಿ ಹೇಳಿದ್ದನ್ನು ಹುಡುಗ ಹಿಂದಿಯಲ್ಲಿ ಹೇಳುತ್ತಾ ಹೋದ. ಯುದ್ಧದಲ್ಲಿ ಅವರು ತಾಯಿಯ ಬೆನ್ನ ಮೇಲಿದ್ದ ಮಗು. ಕಾಡಿಗೆ ಓಡಿಹೋಗಿ ಮಳೆಗಾಲ ಮುಗಿದ ಮೇಲೆ ಮರಳಿದಾಗ ಮನೆ ಇರಲಿಲ್ಲ, ಗದ್ದೆಯ ಮೆಟ್ಟಿಲು ಬದುಗಳು ಇರಲಿಲ್ಲ. ಬದುಗಳನ್ನು ಮತ್ತೆ ಕಟ್ಟುವಾಗ ಅವರ ತಂದೆಗೆ ಸಿಕ್ಕ ಕಬ್ಬಿಣಗಳಲ್ಲಿ ಇದೊಂದು. ಬೆಲ್ಜಿಯಂನ ರೈತರು ಮೊದಲನೆಯ ಯುದ್ಧದ ಗುಂಡುಗಳನ್ನು ಇವತ್ತಿಗೂ ಹೊಲದಿಂದ ಎತ್ತುತ್ತಾರೆ, ಅದನ್ನು ಕಬ್ಬಿಣದ ಸುಗ್ಗಿ ಎನ್ನುತ್ತಾರೆ ಎಂದು ಓದಿದ್ದೆ. ಆ ಸುಗ್ಗಿಯನ್ನು ಕಣ್ಣಾರೆ ಕಂಡದ್ದು ಇಲ್ಲಿ. ಹಿತ್ತಾಳೆಯ ತೋಟೆ ಹಾರಿಸಿದವರ ಬಳಿ ಉಳಿಯುತ್ತದೆ. ಅದು ಹೊಳೆಯುತ್ತದೆ, ಹೂದಾನಿಯಾಗುತ್ತದೆ, ಹರಾಜಿಗೆ ಬರುತ್ತದೆ, ನನ್ನಂಥವರ ಬೀರುವಿಗೆ ಸೇರುತ್ತದೆ. ಗುಂಡು ಮಾತ್ರ ಬಿದ್ದವರ ಗದ್ದೆಯಲ್ಲಿ ಉಳಿಯುತ್ತದೆ. ಇಪ್ಪತ್ತೈದು ವರ್ಷ ನಾನು ಒಂದೇ ಬದಿಯದನ್ನು ಕೂಡಿಟ್ಟಿದ್ದೆ.

ನಮ್ಮ ಮನೆಯ ಚೊಂಬಿನ ಕತೆಯನ್ನು ಅಜ್ಜಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಪ್ರಶ್ನೆ ಕೇಳಿದರು. ಹುಡುಗ ಅದನ್ನು ಹಿಂದಿಗೆ ತಿರುಗಿಸಲು ಹಿಂಜರಿದ. "ನಿಮ್ಮ ಅಜ್ಜನಿಗೆ ಇಲ್ಲಿ ಮನೆಗಳಿವೆ ಎಂದು ಗೊತ್ತಿತ್ತೇ?" ಗೊತ್ತಿತ್ತು, ಅಜ್ಜಿ. ದಿನವೂ ಅದೇ ದಾರಿಯಲ್ಲಿ ಹತ್ತಿ ಇಳಿದವನಿಗೆ ಗೊತ್ತಿಲ್ಲದೆ ಇರಲು ಹೇಗೆ ಸಾಧ್ಯ? ಹಾಗೆಂದೇ ಹೇಳಿದೆ. ಅವರು ತಲೆಯಾಡಿಸಿ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿಸಿದರು.

ಹೊರಡುವಾಗ ಅವರು ಆ ಗಡ್ಡೆಯನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿ, ಬೇಕಿದ್ದರೆ ಒಯ್ಯಿರಿ ಎಂದರು. ತೋಟೆ ಮತ್ತು ಗುಂಡು, ಎರಡನ್ನೂ ಒಂದೇ ಹಲಗೆಯ ಮೇಲೆ ಇಡಬಹುದಿತ್ತು. ಕೈ ಮುಂದಕ್ಕೆ ಹೋಗಿತ್ತು ಕೂಡ. ಅಷ್ಟರಲ್ಲಿ ಗಾಳಿಗೆ ಬಾಗಿಲು ದಡಾರನೆ ಬಡಿದುಕೊಂಡಿತು. ಗಡ್ಡೆಯನ್ನು ಎತ್ತಿ ಮತ್ತೆ ಬಾಗಿಲಿಗೇ ಒತ್ತಿಟ್ಟೆ.

ಊರಿಗೆ ಬಂದ ಮೇಲೆ ನನ್ನ ಸಂಗ್ರಹದ ದಾಖಲೆ ಪುಸ್ತಕದಲ್ಲಿ ಹೊಸದೊಂದು ಕಾಲಂ ಗೆರೆ ಹಾಕಿದ್ದೇನೆ: ಬಿದ್ದ ಜಾಗ. ಹೆಚ್ಚಿನ ಸಾಲುಗಳಲ್ಲಿ ಅದು ಖಾಲಿಯಿದೆ. ಮೊದಲನೆಯ ಸಾಲಿನಲ್ಲಿ, ಫಿರಂಗಿ ಚೊಂಬಿನ ಮುಂದೆ, ಕೊಹಿಮಾದ ಗುಡ್ಡಗಳು ಎಂದು ಬರೆದು, ಕೆಳಗೆ ಅಜ್ಜಿಯ ಪ್ರಶ್ನೆಯನ್ನು ಅವರು ಕೇಳಿದ ಹಾಗೆಯೇ ಬರೆದಿಟ್ಟಿದ್ದೇನೆ. ಈ ಸಲ ಕಲಾಯಿಯವರು ಬಂದಾಗ ಆ ಪುಟವನ್ನು ಅವರಿಗೆ ಓದಿ ಹೇಳಬೇಕು.